ಡೌನ್‌ಲೋಡ್ ಕೇಳುತ್ತಿದ್ದ ಡಬ್ಬಿ

ಸವಣೂರು
೨೬-೯-೨೦೨೫

ಪ್ರೀತಿಯ ರಿಯಾಜ ಭಾಯಿಗೆ ತಂಗಿ ಮಾಹೀರಾಳ ಸಲಾಂ.

ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ಬೆಳಗಾವಿಯಲ್ಲಿ ಮಳೆ ಬಿಟ್ಟಿಲ್ಲ ಎಂದು ಕೇಳಿದಾಗಿನಿಂದ ನಿನ್ನ ಕೆಮ್ಮಿನದೇ ಚಿಂತೆ. ನಿನ್ನ ಫೋನು ಬಂದಾಗಿ ಇವತ್ತಿಗೆ ಹದಿನೇಳು ದಿನ, ನಾನು ಹಚ್ಚಿದರೆ ನೀನು ಎತ್ತುವುದಿಲ್ಲ. ವೀಳ್ಯದೆಲೆಯ ಬುಟ್ಟಿ ತೆಗೆದುಕೊಂಡು ಅಲ್ಲಿಯ ಮಾರ್ಕೆಟ್ಟಿಗೆ ಹೋಗುವ ಬಂದೇಸಾಬ ಚಾಚಾ ನಿನ್ನನ್ನು ಕಂಡೆ ಅಂದರು, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಹಸಿ ಎಲೆಯ ಜೊತೆ ಅಕ್ಷರ ಕದಡೀತೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದೇನೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವಳ ಬರಹ, ತಪ್ಪಿದ್ದರೆ ಹೊಂದಿಸಿಕೊಂಡು ಓದು. ಅಮ್ಮಿ ಚೆನ್ನಾಗಿದ್ದಾರೆ ಎಂದು ಬರೆಯಬೇಕು, ಬರೆದೆ ಅಂತ ತಿಳಿದುಕೋ.

ನಮ್ಮ ಮನೆಯವರ ಬಲಗೈಗೆ ಇನ್ನೂ ಪಟ್ಟಿ ಇದೆ. ಶಟರ್ ಎಳೆಯುವ ಕಬ್ಬಿಣದ ಸಳಿಯಿಂದ ನೀನು ಹೊಡೆದ ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದು ತಲೆಗೇ ಬರುತ್ತಿತ್ತು, ಇವರು ಕೈ ಅಡ್ಡ ತಂದರು. ಮೂರು ಬೆರಳು ಮುರಿದ ಸಪ್ಪಳವನ್ನು ನಾನು ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿದೆ. ಈಗ ಒಲೆಗೆ ಕಟ್ಟಿಗೆ ಮುರಿದರೂ ಅದೇ ಸಪ್ಪಳ, ನಾನು ಮುರಿಯಲಾರೆ, ಅಮ್ಮಿಯೇ ಮುರಿದು ಕೊಡುತ್ತಾರೆ. ಆಮೇಲೂ ನೀನು ನಿಲ್ಲಲಿಲ್ಲ. ಬಿದ್ದವರ ಪಕ್ಕೆಗೆ ಒದ್ದೆ, ಕೂದಲು ಹಿಡಿದೆತ್ತಿ ಮುಖವನ್ನು ಕೀಬೋರ್ಡಿಗೆ ತಿಕ್ಕಿದೆ. ನೀನು ಬೆಳಗಾವಿ ಹಾದಿ ಹಿಡಿದೆ, ಆಸ್ಪತ್ರೆಯಲ್ಲಿ ಇವರು ನಿನ್ನ ಹೆಸರು ಎತ್ತಲಿಲ್ಲ. “ಸ್ಕೂಟರ್ ಮ್ಯಾಲಿಂದ ಬಿದ್ದೇನ್ರಿ” ಅಂದರು. ಡಾಕ್ಟರು ಗಾಯಗಳನ್ನೆಲ್ಲ ನೋಡಿ, “ಎಷ್ಟ್ ಸಲ ಬಿದ್ದೀ ತಮ್ಮಾ?” ಎಂದು ಕೇಳಿದರು.

ಎಲ್ಲವೂ ಆ ಡಬ್ಬಿಯಿಂದ. ನೀವಿಬ್ಬರೂ ಸೇರಿ ಹಾಕಿದ ಆನ್‌ಲೈನ್ ಅಂಗಡಿಯಲ್ಲಿ ಅರ್ಜಿ ತುಂಬಲು ಕುಳಿತಾಗೆಲ್ಲ ಕಂಪ್ಯೂಟರಿನ ಮೂಲೆಯಲ್ಲಿ ಏಳುತ್ತಿತ್ತಲ್ಲ, ವೈರಸ್ ಬಂದಿದೆ, ಇದನ್ನು ಡೌನ್‌ಲೋಡ್ ಮಾಡಿರಿ ಅಂತ. ಒಂದನ್ನು ಮುಚ್ಚಿದರೆ ಇನ್ನೆರಡು. ಆ ದಿನ ಮಾದೇವಿ ಆಯಿಯ ಪಿಂಚಣಿ ಅರ್ಜಿಯ ಮೇಲೆ ಹೊಲಸು ಚಿತ್ರದ ಡಬ್ಬಿಯೇ ಎದ್ದಿತು. ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಪಕ್ಕದ ಅಂಗಡಿಯ ಮಕ್ತುಮಸಾಬ ಇವರತ್ತ ನೋಡಿ “ಟಾಕೀಸ್ ಭಾರಿ ಐತಲ್ಲೋ ಜಾಕೀರ” ಎಂದು ನಕ್ಕ. ಅಷ್ಟೇ ಸಾಕಾಯಿತು ನಿನಗೆ. “ನಮ್ಮ ತಂಗೀನ ಮನ್ಯಾಗ ಇಟ್ಕೊಂಡು ಇಲ್ಲಿ ಕುಂತು ಇದನ್ನ ನೋಡ್ತಿಯೇನಲೇ” ಎಂದು ಸಳಿ ಎತ್ತಿದೆ. ನನ್ನ ಮೇಲಿನ ಮಾಯೆ-ಮಮತೆಗೇ ಎತ್ತಿದೆ, ಅದು ಗೊತ್ತು. ದೇವರ ಮುಂದೆ ಹೇಳುತ್ತೇನೆ, ನಾನೂ ಎರಡು ದಿನ ನಂಬಿದೆ. ಇವರು ನೀರು ಕೇಳಿದಾಗ ಲೋಟವನ್ನು ಕುಕ್ಕಿ ಇಟ್ಟೆ. ಊರು ಇನ್ನೂ ನಂಬಿದೆ. ಯಾರೋ ಎರಡು ಸಲ ಶಟರಿಗೆ ಕಲ್ಲು ಒಗೆದರು, ಒಂದು ಕಲ್ಲು ಮನೆಯ ಹಂಚಿನ ಮೇಲೂ ಬಿತ್ತು. ಬಾಗಿಲ ಅಗಳಿ ಹಾಕಿದೆನೋ ಇಲ್ಲವೋ ಎಂದು ನಾಲ್ಕು ನಾಲ್ಕು ಸಲ ಎದ್ದು ನೋಡುತ್ತೇನೆ.

ಅಂಗಡಿ ಮುಚ್ಚಿದರೆ ಜನ ಅಂದದ್ದೇ ಖರೆ ಆಗುತ್ತದೆಂದು ನಾನೇ ತೆರೆದೆ. ಕೀಬೋರ್ಡಿನ ಕೀಲಿಗಳ ಸಂದಿಯಲ್ಲಿ ಒಣಗಿದ್ದ ರಕ್ತವನ್ನು ಪಿನ್ನಿನಿಂದ ಕೆರೆದು ತೆಗೆದೆ. ಎಂಟರ್ ಕೀಲಿ ಒತ್ತಿದರೆ ಮೇಲೆ ಏಳುವುದಿಲ್ಲ, ಉಗುರಿನಿಂದ ಎಬ್ಬಿಸಬೇಕು. ಡಬ್ಬಿ ಬಂದಾಗಲೆಲ್ಲ ವಾಯರು ಕಿತ್ತು ಒಗೆಯುತ್ತಿದ್ದೆ. ಕಡೆಗೆ, ನಿಮಗೆ ಈ ಕೆಲಸ ಕಲಿಸಿದ ಹಾನಗಲ್ಲಿನ ಸುಧಾರಾಣಿ ಟೀಚರಿಗೆ ಫೋನು ಹಚ್ಚಿದೆ. ಅದು ವೈರಸ್ಸಲ್ಲ, ಯಾವುದೋ ಪೇಜಿಗೆ ಯಾರೋ ಒಮ್ಮೆ ‘ಅಲೋ’, ಅಂದರೆ ಬರಲಿ, ಎಂದು ಒತ್ತಿದ್ದಾರೆ, ಆ ಪೇಜೇ ಇವನ್ನೆಲ್ಲ ಕಳಿಸುತ್ತದೆ ಅಂದರು. ಮೇಲಿನ ಮೂರು ಚುಕ್ಕಿ ಒತ್ತಿಸಿ, ಸೆಟ್ಟಿಂಗ್ಸಿನೊಳಗೆ ನೋಟಿಫಿಕೇಶನ್ ಎಂಬಲ್ಲಿಗೆ ಕರೆದುಕೊಂಡು ಹೋದರು. ಅಲೋ ಎಂದಿದ್ದ ಕಡೆ ಒಂದೇ ಒಂದು ಪೇಜಿನ ಹೆಸರಿತ್ತು. ತೆಗೆದು ಹಾಕಿದೆ. ತಾವಾಗಿ ಇಳಿದಿದ್ದ ಎರಡು ಫೈಲುಗಳನ್ನೂ ತೆರೆಯದೆ ಅಳಿಸಿದೆ. ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಮೂಲೆಯನ್ನೇ ನೋಡುತ್ತ ಕುಳಿತೆ. ಒಂದೂ ಡಬ್ಬಿ ಏಳಲಿಲ್ಲ.

ಇವರಿಗೆ ಹೇಳಿದೆ. “ಹಂಗಾದ್ರ ನನ್ನ ಬೆರಳ ಎಲ್ಲೋ ತಪ್ಪಿ ಒತ್ತಿರಬೇಕು. ರಿಯಾಜಗ ಬೈಬ್ಯಾಡ” ಅಂದರು.

ಮೈ ಜ್ವಾಕಿ. ಅಲ್ಲಾಹನು ನಿನ್ನನ್ನು ಕಾಯಲಿ, ಸಿಟ್ಟಿನಿಂದಲೂ ಕಾಯಲಿ. ಅಮ್ಮಿಯ ದುವಾ.

ನಿನ್ನ ತಂಗಿ
ಮಾಹೀರಾ

ತಾ.ಕ.: ಚಾಚಾ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ಆ ಪೇಜು ಯಾವಾಗ ತೆರೆದದ್ದೆಂದು ಹಿಸ್ಟರಿಯಲ್ಲಿ ನೋಡಿದೆ. ಆಗಸ್ಟ್ ಹತ್ತು, ರವಿವಾರ, ಮಧ್ಯಾಹ್ನ ಎರಡೂವರೆ. ಪುಕ್ಕಟೆ ಮ್ಯಾಚು ತೋರಿಸುವ ಪೇಜು. ಅವತ್ತು ನಾನೂ ಇವರೂ ರಟ್ಟೀಹಳ್ಳಿಗೆ ದಿಲ್ಶಾದಳ ನಿಶ್ಚಯಕ್ಕೆ ಹೋಗಿದ್ದೆವು, ಅಂಗಡಿಯಲ್ಲಿ ನೀನೊಬ್ಬನೇ ಇದ್ದೆ. ಇದನ್ನು ಇವರಿಗೂ ಹೇಳಿಲ್ಲ, ಅಮ್ಮಿಗೂ ಹೇಳಿಲ್ಲ. ಸೋಮವಾರ ಬಾ. ಮಾದೇವಿ ಆಯಿ, ಮಕ್ತುಮಸಾಬ, ಆ ದಿನ ಇದ್ದವರನ್ನೆಲ್ಲ ಅಂಗಡಿಗೆ ಕರೆಸಿರುತ್ತೇನೆ. ಅವರ ಮುಂದೆ ನೀನೇ ಹೇಳು, ಬರದಿದ್ದರೆ ನಾನು ಹೇಳುತ್ತೇನೆ. ಸಳಿಯನ್ನು ತೊಳೆದು ಶಟರಿನ ಹಿಂದೆ ಇಟ್ಟಿದ್ದೇನೆ. ಹೆದರಬೇಡ, ಅದನ್ನು ಎತ್ತುವ ಕೈ ಇವರಿಗೆ ಈಗ ಇಲ್ಲ.