ನೀತಾಳ ಚುಕ್ಕೆ

ಪುಣೆ, ಫೆಬ್ರುವರಿ ೨೦೦೪

ಅಕ್ಕಾ, ಎಲ್ಲರೂ ಹೇಗಿದ್ದೀರಿ? ಇಲ್ಲಿ ದ್ರಾಕ್ಷಿ ತೋಟಗಳ ನಡುವೆ ದೊಡ್ಡ ಬುಟ್ಟಿಗಳಂಥ ರೇಡಿಯೊ ದೂರದರ್ಶಕಗಳು ಹಗಲಲ್ಲೂ ಆಕಾಶ ನೋಡುತ್ತವೆ. ಬಹುದೂರದಲ್ಲಿ ನಕ್ಷತ್ರವೊಂದು ಸಿಡಿದು, ಗಾಮಾ ಕಿರಣ ಚೆಲ್ಲಿ, ಕ್ಷಣದಲ್ಲೇ ಆರಿತ್ತು. ಅದರ ಉಳಿದ ಹೊಳಪಿಗಾಗಿ ವಾರವಿಡೀ ಹುಡುಕಿದೆ, ಕಾಣಲಿಲ್ಲ. ಅತ್ತೆಯನ್ನು ಜೇಜುರಿಯ ದೇವಸ್ಥಾನಕ್ಕೆ ಕರೆದೊಯ್ಯಲೆಂದು ಒಂದೇ ದಿನ ನನ್ನ ಸರದಿಯನ್ನು ಜೊತೆಗೆ ಕೆಲಸ ಮಾಡುವ ಬಾಗಲಕೋಟೆಯ ನೀತಾಳಿಗೆ ಬಿಟ್ಟುಕೊಟ್ಟೆ. ಅಂದೇ ಆ ಹೊಳಪು ಅವಳ ಪರದೆಯಲ್ಲಿ ಸಾಸಿವೆಯಷ್ಟು ಚುಕ್ಕೆಯಾಗಿ ಮೂಡಿತು!

"ವರದಿಯೊಳಗ ನಿನ್ನ ಹೆಸರೂ ಹಾಕ್ಲೇನ?" ಎಂದಳು.

"ಬ್ಯಾಡವಾ, ಕಂಡಾಕಿ ನೀನ ಅದೀಯಲ್ಲ" ಎಂದುಬಿಟ್ಟೆ. ಈಗ ಅವಳು ಎಲ್ಲರಿಗೂ ಪೇಢೆ ಹಂಚುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನನ್ನ ಕೆಮ್ಮು ಕಡಿಮೆಯಾಗಿದೆ, ಅವ್ವನಿಗೆ ತಿಳಿಸು. ಇವತ್ತು ನನ್ನ ಸರದಿಯಲ್ಲಿ ನೋಡಿದೆ, ಆ ಚುಕ್ಕೆ ಮಸುಕಾಗುತ್ತಿದೆ. ನನಗೆ ಖುಷಿಯಾಯಿತು ಅಕ್ಕಾ. ಈ ಸಾಲನ್ನು ಮಾತ್ರ ಯಾರಿಗೂ ಓದಿ ಹೇಳಬೇಡ.

ನಿನ್ನ ಶೈಲಾ