ಮದ್ದಿಲ್ಲದ ತೋಟಾ

ಮಾರ್ಚ್ ೯, ಭಾನುವಾರ

ಮಾವನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಹೋಗಲಿ ಎಂಬ ಆಸೆಯೂ ನನಗಿಲ್ಲ.

ಶೂಟಿಂಗ್ ಕ್ಲಬ್ಬಿನಲ್ಲಿ ಎಲ್ಲರಿಗೂ ಮಾವನ ಹಳೆಯ ಉಕ್ಕಿನ ಪಿಸ್ತೂಲಿನದೇ ಹುಚ್ಚು. ಆ ತೂಕ, ಆ ಟ್ರಿಗರಿನ ಹದ ಹೊಸದರಲ್ಲಿಲ್ಲವೆಂದು ಮಾವ ಹೇಳುತ್ತಲೇ ಇರುತ್ತಾರೆ. ಇವತ್ತು ನನ್ನ ಹೊಸ ಪ್ಲಾಸ್ಟಿಕ್ ಹಿಡಿಯ ಪಿಸ್ತೂಲನ್ನು ಎತ್ತಿ ಹಿಡಿದು, "ಏನ್ ಅಳಿಯಂದ್ರೇ, ಇದ್ರಲ್ಲಿ ನೀರು ಬರತ್ತಾ?" ಎಂದು ಎಲ್ಲರನ್ನೂ ನಗಿಸಿದರು.

ಅವರ ಪಿಸ್ತೂಲಿನ ಮ್ಯಾಗಜೀನಿಗೆ ಗುಂಡು ತುಂಬುವುದು ಹನ್ನೊಂದು ವರ್ಷದಿಂದ ನನ್ನ ಕೆಲಸ. ಐದು ಗುಂಡುಗಳಲ್ಲಿ ಮೂರನೆಯದರ ಜಾಗಕ್ಕೆ ಮದ್ದಿಲ್ಲದ ತೋಟಾ ಹಾಕಿದೆ. ಹೊಸಬರ ಅಳುಕು ಪತ್ತೆಹಚ್ಚಲು ಅವರೇ ಕಲಿಸಿದ ಉಪಾಯ ಅದು. ಗುಂಡಿನ ಒದೆತಕ್ಕೆ ಮೊದಲೇ ಅಳುಕುವ ಕೈ, ಗುಂಡು ಹಾರದಿದ್ದರೂ ಕೆಳಗೆ ಜಗ್ಗಿಬಿಡುತ್ತದೆ.

ಮಾವ ಹೊಡೆಯಲು ನಿಂತರು; ಎರಡು ಗುಂಡು ಹಾರಿದವು, ಮೂರನೆಯದಕ್ಕೆ ಬರೀ ಟಿಕ್ ಎಂದಿತು. ಪಿಸ್ತೂಲಿನ ಮೂತಿ ನೆಲ ನೋಡಿತು. ಯಾರೂ ನಗಲಿಲ್ಲ.

ಅವರು ಆ ತೋಟಾವನ್ನು ಹೊರಗೆಳೆದು ಮೆಲ್ಲಗೆ ಕೇಳಿದರು, "ಇಂಥದ್ದು ಇನ್ನೂ ಇದೆಯಾ?"

"ಇದ್ರೂ ಇರಬಹುದು, ಮಾವ."

ಇರಲಿಲ್ಲ. ಉಳಿದ ಎರಡೂ ನಿಜವಾದ ಗುಂಡುಗಳೇ. ಅವರು ತೋಳು ಚಾಚಿ ಬಹಳ ಹೊತ್ತು ನಿಂತರು, ಬೆರಳು ಒತ್ತಲಿಲ್ಲ. ಕೊನೆಗೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು, "ಇನ್ಮೇಲೆ ನೀವೇ ಹೊಡೀರಿ" ಎಂದರು.

ಅದನ್ನೇ ಎತ್ತಿ ಹೊಡೆದೆ. ಎರಡೂ ಗುರಿಯ ನಟ್ಟನಡುವೆ ಬಿದ್ದವು. ಅವರು ಹೇಳುತ್ತಿದ್ದುದು ನಿಜ, ಅಂಥ ಟ್ರಿಗರ್ ಹೊಸದರಲ್ಲಿಲ್ಲ.