ಅಳವಂಡಿ ದಾರಿಯ ಸೇತುವೆ

ಕೊಪ್ಪಳ, ಜುಲೈ ೧೯೪೧

ಪ್ರೀತಿಯ ಅವ್ವಾ,

ಅಳವಂಡಿ ದಾರಿಯ ಸೇತುವೆಯನ್ನು ಹೊಸದಾಗಿ ಕಟ್ಟಲು ಮಂಜೂರಾತಿ ಸಿಕ್ಕಿತು, ಅದೂ ನನ್ನಿಂದ! ನಾನು ಕುಣಿಯುವುದೊಂದು ಬಾಕಿ.

ಸರ್ಕಾರಿ ಸೇತುವೆಗಳ ತಪಾಸಣೆಗೆ ನಿನ್ನ ಅಳಿಯನ ಜೊತೆ ನಾನೂ ಹೋಗಿದ್ದೆ. ಇವರು ಮೇಲೆ ನಿಂತೇ ‘ಸುಸ್ಥಿತಿ’ ಎಂದು ಬರೆಯುತ್ತಿದ್ದಾಗ, ದಾರಿಯಲ್ಲಿದ್ದ ಕಳಕಮ್ಮನೆಂಬ ಮುದುಕಿ, “ಸಾಹೇಬ್ರ, ಬದನಿಕಾಯಿ ಸುದ್ದಾ ತಿರುವಿ ನೋಡಿ ತಗೋತೀವ್ರಿ. ಕೆಳಗ ಇಳದು ನೋಡ್ರಿ” ಎಂದಳು. ಇವರು ತಮ್ಮ ಬೂಟು ನೋಡಿಕೊಂಡರು. ನಾನು ಸೀರೆ ಎತ್ತಿಕಟ್ಟಿ ಇಳಿದೆ. ಕಮಾನಿನ ಬಿರುಕಿನೊಳಗೆ ನನ್ನ ಕೈ ಮೊಣಕೈವರೆಗೆ ಹೋಯಿತು. ವರದಿಯಲ್ಲಿ ಅದೇ ಅಳತೆ ಬರೆದರು.

ಆದರೆ ಮದುವೆಯ ಹಸಿರು ಬಳೆಗಳಲ್ಲಿ ಏಳು ಒಡೆದಿವೆ. ಶುಕ್ರವಾರ ಅತ್ತೆ ಬರುತ್ತಾರೆ. ನೋಡಿದರೆ ನನ್ನ ತಿರುಗಾಟ ಅಂದಿಗೇ ನಿಲ್ಲುತ್ತದೆ. ಅಂಥವೇ ಬಳೆ ತರಿಸಿಡು. ಬುಧವಾರ ಮಧ್ಯಾಹ್ನ ಹುಬ್ಬಳ್ಳಿ ಪ್ಯಾಸೆಂಜರಿನಲ್ಲಿ ಬರುತ್ತೇನೆ.

ನಿನ್ನ ಮಗಳು,
ಪಂಪಾ